ದಾಖಲೆಯಿಲ್ಲದ ಹಳೆಯ ಬಾಯ್ಲರಿಗೆ ಆಯುಷ್ಯ ಹೇಳುವವರು ಯಾರು?

2024ರ ಡಿಸೆಂಬರ್ 19ರ ಸಂಜೆ ಭದ್ರಾವತಿಯ ಚನ್ನಗಿರಿ ರಸ್ತೆಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ಸ್ಫೋಟಗೊಂಡಿತು. ಗಿರಣಿಯ ಕಟ್ಟಡ ಕುಸಿಯಿತು. ಒಬ್ಬ ಕಾರ್ಮಿಕರು ಪ್ರಾಣ ಕಳೆದುಕೊಂಡರು, ಹಲವರು ಗಾಯಗೊಂಡರು. ಎರಡು ದಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ನಂತರ ಎಂದಿನಂತೆ ಎಲ್ಲರೂ ಮರೆತೆವು.

ಆ ಗಿರಣಿಯ ಮೇಲೆ ತೀರ್ಪು ಕೊಡಲು ನಾವು ಇದನ್ನು ಬರೆಯುತ್ತಿಲ್ಲ. ಅದು ತನಿಖೆಯವರ ಕೆಲಸ. ಆದರೆ ಆ ಸಂಜೆ ಎತ್ತಿದ ಪ್ರಶ್ನೆ ಒಂದು ಗಿರಣಿಯದ್ದು ಮಾತ್ರವಲ್ಲ. ಶಿವಮೊಗ್ಗ-ಭದ್ರಾವತಿಯಂಥ ಹಳೆಯ ಕೈಗಾರಿಕಾ ಊರುಗಳಲ್ಲಿ, ಅಷ್ಟೇಕೆ, ನಮ್ಮ ಕರಾವಳಿಯಲ್ಲೂ, ಒತ್ತಡ ತುಂಬಿಕೊಂಡು ಹಗಲಿರುಳು ದುಡಿಯುವ ಹಳೆಯ ಉಕ್ಕಿನ ಪಾತ್ರೆಗಳಿವೆ. ಯಾರು ಮಾಡಿದರು, ಯಾವ ಉಕ್ಕು, ಎಷ್ಟು ದಪ್ಪ, ಎಷ್ಟು ಒತ್ತಡಕ್ಕೆ ಮಾಡಿದ್ದು ಎಂಬ ಕಾಗದವೇ ಇಲ್ಲದವೂ ಅವುಗಳ ನಡುವೆ ಇರುತ್ತವೆ. ಅಂಥ ಪಾತ್ರೆ ಇನ್ನೆಷ್ಟು ವರ್ಷ ಬಾಳೀತು? ಹೇಳುವುದು ಹೇಗೆ? ಹೇಳಬೇಕಾದವರು ಯಾರು?

ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಮನೆಯ ಗಂಜಿಯನ್ನೇ ನೋಡಿ. ಕುಚ್ಚಲಕ್ಕಿ ಆಗಬೇಕಾದರೆ ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಮಿಲ್ಲಿಗೆ ಹಾಕಬೇಕು. ಆ ಹಬೆ ಬರುವುದು ಬಾಯ್ಲರಿನಿಂದ. ಕರಾವಳಿಯ ಅಂಗಡಿಗಳಿಗೆ ಬರುವ ಕುಚ್ಚಲಕ್ಕಿಯಲ್ಲಿ ಘಟ್ಟದ ಮೇಲಿನ ಗಿರಣಿಗಳ ಪಾಲೂ ಇದೆ. ಕೆಲಸಕ್ಕಾಗಿ ಕರಾವಳಿಯಿಂದ ಭದ್ರಾವತಿಗೆ ಹೋಗಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಹಾಗಾಗಿ ಅಲ್ಲಿನ ಸದ್ದು ನಮಗೂ ಕೇಳಬೇಕು.

ನೂರು ವರ್ಷದ ಉಕ್ಕಿನ ಊರು

ಭದ್ರಾವತಿ ಹೊಸದಾಗಿ ಕೈಗಾರಿಕೆ ಕಂಡ ಊರಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಆಗ ಅದರ ಹೆಸರಿನಲ್ಲೇ 'ವುಡ್ ಡಿಸ್ಟಿಲೇಷನ್' ಎಂದಿತ್ತು. ಮಲೆನಾಡಿನ ಕಟ್ಟಿಗೆಯನ್ನು ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸುತ್ತಿದ್ದ ಕಾಲ ಅದು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಸ್ಥಾಪನೆಯಾಯಿತು. ಈ ಎರಡು ಕಾರ್ಖಾನೆಗಳನ್ನು ನಂಬಿ ಒಂದು ಊರು ಬೆಳೆಯಿತು. ಸುತ್ತ ಚಿಕ್ಕಪುಟ್ಟ ವರ್ಕ್‌ಶಾಪು, ಫೌಂಡ್ರಿ, ಗಿರಣಿಗಳು ಎದ್ದವು. ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಬಂತು.

ಈಗ ಆ ಎರಡೂ ಕಾರ್ಖಾನೆಗಳ ಕಥೆ ಎಲ್ಲರಿಗೂ ಗೊತ್ತು. ಎಂಪಿಎಂನಲ್ಲಿ ಕಾಗದ ತಯಾರಿಕೆ ನಿಂತು ಸುಮಾರು ಒಂದು ದಶಕವಾಯಿತು. ವಿಐಎಸ್‌ಎಲ್ ಅನ್ನು ಮುಚ್ಚಲು 2023ರ ಜನವರಿಯಲ್ಲಿ ನಿರ್ಧಾರವಾಯಿತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಆಗಸ್ಟಿನಲ್ಲಿ ಅಲ್ಲಿನ ಬಾರ್ ಮಿಲ್ ಮತ್ತೆ ತಿರುಗಿತು.

ಒಂದು ದೊಡ್ಡ ಕಾರ್ಖಾನೆ ನಿಂತರೆ ಸಂಬಳ ನಿಲ್ಲುತ್ತದೆ, ಅಂಗಡಿಗಳು ಮುಚ್ಚುತ್ತವೆ. ಇದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದೆ ನಡೆಯುವುದು ಇನ್ನೊಂದಿದೆ. ಯಂತ್ರಗಳನ್ನು ಬಲ್ಲ ಹಿರಿಯರು ನಿವೃತ್ತರಾಗುತ್ತಾರೆ, ಕಪಾಟಿನ ಡ್ರಾಯಿಂಗುಗಳಿಗೆ ಗೆದ್ದಲು ಹಿಡಿಯುತ್ತದೆ, ದಾಖಲೆ ಪುಸ್ತಕಗಳು ಕಳೆದುಹೋಗುತ್ತವೆ. ದೇಶದ ಯಾವುದೇ ಹಳೆಯ ಕೈಗಾರಿಕಾ ಊರಿನಲ್ಲಿ ಹೀಗೇ ಆಗುವುದು. ಆಮೇಲೆ ಯಾವುದೋ ಟ್ಯಾಂಕು ಹರಾಜಿನಲ್ಲಿ ಹೋಗುತ್ತದೆ. ಗುಜರಿಯವರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತದೆ. ಬಣ್ಣ ಬಳಿದರೆ ಹೊಸದರಂತೆ ಕಾಣುತ್ತದೆ. ನೇಮ್ ಪ್ಲೇಟ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ!

ತುಕ್ಕಿಗೆ ರಜೆಯಿಲ್ಲ

ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಓಡುವ ಯಂತ್ರ ಸವೆಯುತ್ತದೆ, ಸುಮ್ಮನಿರುವ ಯಂತ್ರ ಹಾಗೇ ಇರುತ್ತದೆ ಎಂದು. ಒತ್ತಡದ ಪಾತ್ರೆಗಳ ವಿಷಯದಲ್ಲಿ ಎಷ್ಟೋ ಸಲ ಇದು ತಲೆಕೆಳಗು. ಓಡುವ ಬಾಯ್ಲರಿನ ನೀರಿಗೆ ಮದ್ದು ಹಾಕುತ್ತಾರೆ, ಆಮ್ಲಜನಕ ತೆಗೆಯುತ್ತಾರೆ, ದಿನವೂ ಒಬ್ಬರು ನೋಡುತ್ತಾರೆ. ನಿಲ್ಲಿಸಿ ಬಿಟ್ಟ ಬಾಯ್ಲರಿನ ತಳದಲ್ಲಿ ಅರ್ಧ ಬೊಗಸೆ ನೀರು ನಿಂತರೂ ಸಾಕು, ಗಾಳಿ ಮತ್ತು ನೀರು ಸೇರಿ ಉಕ್ಕನ್ನು ತಿನ್ನುತ್ತಲೇ ಇರುತ್ತವೆ. ಮಲೆನಾಡಿನ ಮಳೆಗಾಲದ ತೇವವಂತೂ ತಿಂಗಳುಗಟ್ಟಲೆ ಬಿಡುವುದಿಲ್ಲ.

ತುಕ್ಕು ಎಲ್ಲ ಕಡೆ ಒಂದೇ ಸಮ ತಿನ್ನುವುದೂ ಇಲ್ಲ. ಒಂದು ಕಡೆ ಇಡೀ ತಗಡು ತೆಳುವಾಗುತ್ತದೆ. ಇನ್ನೊಂದು ಕಡೆ ಸೂಜಿಯಿಂದ ಚುಚ್ಚಿದಂತೆ ಗುಳಿ ಬೀಳುತ್ತದೆ. ಸುತ್ತಲಿನ ಉಕ್ಕು ಗಟ್ಟಿಯಾಗಿದ್ದರೂ ಆ ಗುಳಿ ಆಳಕ್ಕೆ ಇಳಿಯುತ್ತದೆ. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟನ್ನೇ ಉರಿಸುತ್ತಾರೆ. ಆ ಬೂದಿಯಲ್ಲಿ ಮರಳಿನ ಗುಣದ ಸಿಲಿಕಾ ಹೆಚ್ಚು. ಬಿಸಿ ಗಾಳಿಯೊಂದಿಗೆ ನುಗ್ಗುವ ಬೂದಿ ಕೊಳವೆಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ.

ಪಾತ್ರೆ ಒಡೆದಾಗ ಇಷ್ಟು ಹಾನಿ ಏಕೆ? ಬಾಯ್ಲರಿನ ಒಳಗಿನ ನೀರು 100 ಡಿಗ್ರಿಗಿಂತ ಎಷ್ಟೋ ಹೆಚ್ಚು ಬಿಸಿಯಾಗಿದ್ದರೂ ಒತ್ತಡದ ಕಾರಣ ನೀರಾಗಿಯೇ ಕುಳಿತಿರುತ್ತದೆ. ಗೋಡೆ ಬಿರಿದ ಕ್ಷಣ ಅದರ ಒಂದು ಪಾಲು ಒಮ್ಮೆಲೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,700 ಲೀಟರಿನಷ್ಟು ಜಾಗ ಬೇಡುತ್ತದೆ. ಆ ಜಾಗವನ್ನು ಅದು ಗೋಡೆ ಕೆಡವಿ ಪಡೆಯುತ್ತದೆ.

ಅಳೆಯುವುದು ಹೇಗೆ?

ಕಾಗದವಿಲ್ಲದ ಪಾತ್ರೆಯೆಲ್ಲ ಗುಜರಿಗೇ ಹೋಗಬೇಕೇ? ಹಾಗೇನಿಲ್ಲ. ಅದರ ಆಯುಷ್ಯವನ್ನು ಲೆಕ್ಕ ಹಾಕುವ ವಿಧಾನ ಜಗತ್ತಿನಲ್ಲಿ ಚೆನ್ನಾಗಿ ಬೆಳೆದಿದೆ. ಪೆಟ್ರೋಲಿಯಂ ಉದ್ಯಮದ ಎಪಿಐ 510 ಎಂಬ ಸಂಹಿತೆ ಇದಕ್ಕೆ ಹೆಸರುವಾಸಿ. ನಮ್ಮಲ್ಲೂ ಬೆಂಕಿಯ ಸಂಪರ್ಕವಿಲ್ಲದ ಒತ್ತಡದ ಪಾತ್ರೆಗಳಿಗಾಗಿ 1969ರಲ್ಲಿ ಐಎಸ್ 2825 ಎಂಬ ಭಾರತೀಯ ಮಾನಕ ಬಂತು.

ಮೊದಲ ಕೆಲಸ ದಪ್ಪ ಅಳೆಯುವುದು. ಟಾರ್ಚಿನಷ್ಟು ಚಿಕ್ಕ ಅಲ್ಟ್ರಾಸಾನಿಕ್ ಉಪಕರಣವನ್ನು ಹೊರಗಿನಿಂದ ತಗಡಿಗೆ ಒತ್ತಿ ಹಿಡಿಯುತ್ತಾರೆ. ನಮ್ಮ ಕಿವಿಗೆ ಕೇಳಿಸದ ಶಬ್ದ ಉಕ್ಕಿನೊಳಗೆ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಹೋಗಿ ಒಳಮೈಗೆ ತಾಗಿ ಮರಳುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದಪ್ಪ ತಿಳಿಯುತ್ತದೆ. ಪಾತ್ರೆಯನ್ನು ಕೊಯ್ಯಬೇಕಾಗಿಲ್ಲ. ಆದರೆ ಎರಡು ಕಡೆ ಮುಟ್ಟಿಸಿ 'ಚೆನ್ನಾಗಿದೆ' ಎನ್ನುವುದು ಅಳತೆಯಲ್ಲ. ತಳ, ನೀರಿನ ಮಟ್ಟದ ಗೆರೆ, ಪೈಪು ಸೇರುವ ಬಾಯಿ, ಬೆಸುಗೆಯ ಅಕ್ಕಪಕ್ಕ, ಕಾಲುಗಳ ಮೇಲೆ ಕೂತ ಜಾಗ - ಇಲ್ಲೆಲ್ಲ ಚೌಕ ಎಳೆದು ಒಂದೊಂದನ್ನೂ ಅಳೆದು ಬರೆದಿಡಬೇಕು. ಬಿರುಕು ಹುಡುಕಲು ಬೇರೆ ಪರೀಕ್ಷೆಗಳಿವೆ: ಬಣ್ಣದ ದ್ರವ ಹಚ್ಚಿ ನೋಡುವುದು, ಅಯಸ್ಕಾಂತ ಮತ್ತು ಕಬ್ಬಿಣದ ಪುಡಿಯಿಂದ ನೋಡುವುದು. ಉಕ್ಕು ಯಾವ ಜಾತಿಯದೆಂದು ತಿಳಿಯಲು ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಮೀಟರ್, ಗಡಸುತನದ ಪರೀಕ್ಷೆ ಇವೆ.

ಲೆಕ್ಕ ಸರಳ. ಇಂದು ಅಳೆದ ದಪ್ಪದಿಂದ, ಆ ಒತ್ತಡಕ್ಕೆ ಬೇಕೇ ಬೇಕಾದ ಕನಿಷ್ಠ ದಪ್ಪವನ್ನು ಕಳೆಯಿರಿ. ಉಳಿದದ್ದನ್ನು ವರ್ಷಕ್ಕೆ ಸವೆಯುವ ದಪ್ಪದಿಂದ ಭಾಗಿಸಿ. ಬಂದದ್ದು ಉಳಿದ ಆಯುಷ್ಯ. ಮುಂದಿನ ತಪಾಸಣೆ ಆ ಆಯುಷ್ಯದ ಅರ್ಧದೊಳಗೆ ಆಗಬೇಕು. ಆಯುಷ್ಯ ಎಷ್ಟೇ ಉದ್ದವಿದ್ದರೂ ಹತ್ತು ವರ್ಷ ಮೀರಬಾರದು ಎನ್ನುತ್ತದೆ ಎಪಿಐ 510.

ಕಾಗದವಿಲ್ಲದಿದ್ದರೆ ತೊಡಕು ಎಲ್ಲಿ ಬರುತ್ತದೆ? ಒಂದು ಉದಾಹರಣೆಯನ್ನು ನಾವೇ ಲೆಕ್ಕ ಹಾಕಿ ನೋಡೋಣ. 1,200 ಮಿಲಿಮೀಟರ್ ವ್ಯಾಸದ ಟ್ಯಾಂಕು, ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡ. ಉಕ್ಕಿಗೆ ಚದರ ಮಿಲಿಮೀಟರಿಗೆ 100 ನ್ಯೂಟನ್ ಹೊರೆ ಹೊರುವ ಅನುಮತಿ ಎಂದಿಟ್ಟುಕೊಳ್ಳೋಣ. ಬೆಸುಗೆಯನ್ನು ಪೂರ್ತಿ ಎಕ್ಸ್‌ರೇ ತೆಗೆದು ನೋಡಿದ ದಾಖಲೆ ಇದ್ದರೆ ಬೆಸುಗೆಯನ್ನು ತಗಡಿನಷ್ಟೇ ಗಟ್ಟಿ ಎಂದು ಒಪ್ಪಬಹುದು; ಆಗ ಬೇಕಾದ ಕನಿಷ್ಠ ದಪ್ಪ ಸುಮಾರು 5.9 ಮಿಲಿಮೀಟರ್. ದಾಖಲೆ ಇಲ್ಲದಿದ್ದರೆ ಬೆಸುಗೆಯ ಬಲವನ್ನು ನೂರಕ್ಕೆ 70 ಎಂದಷ್ಟೇ ಹಿಡಿಯಬೇಕಾಗುತ್ತದೆ. ಆಗ ಬೇಕಾದ ದಪ್ಪ ಸುಮಾರು 8.5 ಮಿಲಿಮೀಟರ್. ಅಳತೆಯಲ್ಲಿ ಅತಿ ತೆಳುವಾದ ಜಾಗ 9.7 ಮಿಲಿಮೀಟರ್ ಬಂತು, ವರ್ಷಕ್ಕೆ 0.2 ಮಿಲಿಮೀಟರ್ ಸವೆಯುತ್ತದೆ ಎಂದಿಟ್ಟುಕೊಳ್ಳಿ. ಕಾಗದ ಇದ್ದ ಟ್ಯಾಂಕಿಗೆ 19 ವರ್ಷ ಆಯುಷ್ಯ. ಅದೇ ಟ್ಯಾಂಕಿಗೆ ಕಾಗದ ಇಲ್ಲದಿದ್ದರೆ 6 ವರ್ಷ!

ಉಕ್ಕು ಒಂದೇ, ತುಕ್ಕು ಒಂದೇ. ಕಳೆದುಹೋದ ಒಂದು ಕಾಗದದ ಬೆಲೆ 13 ವರ್ಷ. ನಾವು ಓದುಗರ ಮುಂದಿಡಲು ಬಯಸುವ ಮಾತು ಇದೇ. ಪಾತ್ರೆ ಹಳೆಯದಾದ ಮಾತ್ರಕ್ಕೆ ಅಪಾಯ ಎನ್ನಲಾಗದು. ಅದರ ಬಗ್ಗೆ ನಮಗೆ ತಿಳಿಯದಿರುವುದೇ ನಿಜವಾದ ಅಪಾಯ. ಹಾಗೆ ತಿಳಿಯದಿದ್ದಲ್ಲಿ ಕೆಟ್ಟದ್ದನ್ನೇ ಊಹಿಸಿ ಲೆಕ್ಕ ಹಾಕಬೇಕು, ಒಳ್ಳೆಯದನ್ನು ಊಹಿಸಬಾರದು. 'ಇಷ್ಟು ವರ್ಷ ಏನೂ ಆಗಿಲ್ಲ' ಎಂಬುದು ಲೆಕ್ಕವಲ್ಲ, ಅದೊಂದು ಧೈರ್ಯದ ಮಾತು ಅಷ್ಟೇ.

ಇನ್ನೊಂದು ದಾರಿಯೂ ಇದೆ. ಅದೇ ಟ್ಯಾಂಕಿನ ಒತ್ತಡವನ್ನು 10 ಕಿಲೋದಿಂದ 7ಕ್ಕೆ ಇಳಿಸಿದರೆ, ಕಾಗದವಿಲ್ಲದೆಯೂ ಬೇಕಾದ ದಪ್ಪ 5.9 ಮಿಲಿಮೀಟರಿಗೆ ಇಳಿಯುತ್ತದೆ. ವಯಸ್ಸಾದವರಿಗೆ ಭಾರ ಕಡಿಮೆ ಹೊರಿಸಿದಂತೆ. ಸೇಫ್ಟಿ ವಾಲ್ವನ್ನೂ ಹೊಸ ಒತ್ತಡಕ್ಕೆ ತಕ್ಕಂತೆ ಹೊಂದಿಸಿ ಸೀಲ್ ಮಾಡಬೇಕು, ಇಲ್ಲವಾದರೆ ಇಳಿಸಿದ್ದು ಕಾಗದದ ಮೇಲೆ ಮಾತ್ರ.

ವರ್ಷಕ್ಕೆ ಎಷ್ಟು ಸವೆಯುತ್ತದೆ ಎಂದು ಗೊತ್ತಿಲ್ಲದಿದ್ದರೆ? ಇಂದು ಅಳೆದು, ಕೆಲವು ತಿಂಗಳ ನಂತರ ಅದೇ ಗುರುತುಗಳಲ್ಲಿ ಮತ್ತೆ ಅಳೆಯಬೇಕು. ಮೊದಲ ಅಳತೆಯ ದಿನವೇ ಆ ಪಾತ್ರೆಗೆ ಹೊಸ ಜನ್ಮಪತ್ರ. ನೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು ನೋಡುವ ಹೈಡ್ರಾಲಿಕ್ ಪರೀಕ್ಷೆಯೂ ಬೇಕು. ಆದರೆ ಅದು ಇಂದು ತಡೆಯಿತು ಎಂದು ಹೇಳುತ್ತದೆಯೇ ಹೊರತು ನಾಳೆಯ ಮಾತನ್ನು ಹೇಳುವುದಿಲ್ಲ. ಆ ಪರೀಕ್ಷೆಯನ್ನು ನೀರಿನ ಬದಲು ಗಾಳಿಯಿಂದ ಮಾಡುವ ಸಾಹಸಕ್ಕಂತೂ ಯಾರೂ ಕೈಹಾಕಬಾರದು. ನೀರು ಹೆಚ್ಚು ಅದುಮುವುದಿಲ್ಲ, ಆದ್ದರಿಂದ ಪಾತ್ರೆ ಸೋರಿದರೂ ಸುಮ್ಮನಾಗುತ್ತದೆ. ಅದುಮಿಟ್ಟ ಗಾಳಿ ಹಾಗಲ್ಲ, ಅದು ಬಾಂಬಿನಂತೆ ಸಿಡಿಯುತ್ತದೆ.

ಕಾನೂನು ಏನೆನ್ನುತ್ತದೆ?

ಕಾನೂನು ಹುಟ್ಟಿದ್ದೇ ಸಾವಿನಿಂದ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆ 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಇಡೀ ದೇಶಕ್ಕೆ ಒಂದೇ ಬಾಯ್ಲರ್ ಕಾಯ್ದೆ ಬಂದದ್ದು 1923ರಲ್ಲಿ - ಭದ್ರಾವತಿಯಲ್ಲಿ ಕಬ್ಬಿಣ ಕರಗಿದ ಅದೇ ವರ್ಷ. ಆ ಕಾಯ್ದೆಯ ಜಾಗದಲ್ಲಿ ಈಗ 2025ರ ಬಾಯ್ಲರುಗಳ ಕಾಯ್ದೆ ಇದೆ. ಬಾಯ್ಲರಿಗೆ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಬಾಯ್ಲರಿನ ಮೈಮೇಲೆ ಅಳಿಯದಂತೆ ಗುರುತು ಮಾಡಿರಬೇಕು, ಚಾಲ್ತಿಯಲ್ಲಿರುವ ಪ್ರಮಾಣಪತ್ರವಿಲ್ಲದೆ ನಡೆಸಬಾರದು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಆದರೆ ಎಲ್ಲ ಒತ್ತಡದ ಪಾತ್ರೆಯೂ ಬಾಯ್ಲರ್ ಅಲ್ಲ. 25 ಲೀಟರಿಗಿಂತ ಚಿಕ್ಕದು, ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಕಡಿಮೆ ಒತ್ತಡದ್ದು ಆ ಕಾಯ್ದೆಯ ಹೊರಗೆ. ಹಬೆಯನ್ನು ಹುಟ್ಟಿಸದ ಪಾತ್ರೆಗಳಿಗೆ, ಅಂದರೆ ಕಂಪ್ರೆಸರಿನ ಗಾಳಿ ಟ್ಯಾಂಕು ಮುಂತಾದವಕ್ಕೆ, ಕಾರ್ಖಾನೆ ನಿಯಮಗಳೇ ಆಧಾರ. ಹಿಂದೆ ಬಳಸಿದ ಅಥವಾ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸುಮ್ಮನಿದ್ದ ಪಾತ್ರೆಯನ್ನು ಸಕ್ಷಮ ವ್ಯಕ್ತಿಯಿಂದ ಪೂರ್ತಿ ಪರೀಕ್ಷಿಸದೆ ಮತ್ತೆ ಬಳಸಬಾರದು ಎಂದು ಹಲವು ರಾಜ್ಯಗಳ ನಿಯಮಗಳು ಹೇಳುತ್ತ ಬಂದಿವೆ. ಎಂಥ ಒಳ್ಳೆಯ ನಿಯಮ! 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1948ರ ಕಾರ್ಖಾನೆ ಕಾಯ್ದೆಯ ಜಾಗ ತುಂಬಿವೆ. ಕಾನೂನಿನ ಹೆಸರು ಬದಲಾಗಬಹುದು. ಉಕ್ಕಿನ ಗುಣ ಬದಲಾಗುವುದಿಲ್ಲ.

ನಿಯಮದ ಕಣ್ಣು ಬೀಳುವುದು ನೋಂದಣಿಯಾದ ಕಾರ್ಖಾನೆಗಳ ಮೇಲೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಟ್ಯಾಂಕನ್ನು ನೋಡುವವರು ಯಾರು? ಅದುಮಿದ ಗಾಳಿಯ ತೇವವೆಲ್ಲ ನೀರಾಗಿ ಆ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ತಳದ ನಲ್ಲಿಯನ್ನು ದಿನವೂ ಬಿಚ್ಚಿ ನೀರು ಬಿಟ್ಟರೆ ಟ್ಯಾಂಕು ಬಾಳುತ್ತದೆ. ಬಿಡದಿದ್ದರೆ ಮೇಲೆ ಬಣ್ಣ ಹೊಳೆಯುತ್ತಿದ್ದರೂ ತಳ ತೆಳುವಾಗುತ್ತ ಹೋಗುತ್ತದೆ. ಅದರ ಪಕ್ಕದಲ್ಲೇ ಸ್ಟೂಲು ಹಾಕಿ ಕುಳಿತು ನಾವು ಟಯರಿಗೆ ಗಾಳಿ ಹಾಕಿಸುತ್ತೇವೆ.

ನಮ್ಮ ಕರಾವಳಿಯಲ್ಲಿ ಮೀನಿಗೆ ಮಂಜುಗಡ್ಡೆ ಕೊಡುವ ಐಸ್ ಪ್ಲಾಂಟುಗಳಿವೆ. ಅಲ್ಲಿ ಅಮೋನಿಯಾ ತುಂಬಿದ ಪಾತ್ರೆಗಳು, ಪೈಪುಗಳು. ಅವಕ್ಕೆ ತುಕ್ಕು ಬರುವುದು ಹೊರಗಿನಿಂದ - ಉಪ್ಪುಗಾಳಿಯಿಂದ, ತಂಪು ಉಳಿಸಲು ಸುತ್ತಿದ ಹೊದಿಕೆಯ ಅಡಿಯಲ್ಲಿ ನಿಂತ ತೇವದಿಂದ. ಹೊದಿಕೆ ಬಿಚ್ಚದೆ ನೋಡಿದರೆ ಏನೂ ಕಾಣದು.

ನಾವು ಮಾಡಬಹುದಾದದ್ದು

ಅಮೆರಿಕದ ಬ್ರಾಕ್‌ಟನ್ ಎಂಬ ಊರಿನ ಶೂ ಕಾರ್ಖಾನೆಯಲ್ಲಿ 1905ರ ಮಾರ್ಚ್ 20ರಂದು ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಅಂದು ಹೊಸ ಬಾಯ್ಲರನ್ನು ದುರಸ್ತಿಗೆ ನಿಲ್ಲಿಸಿ, ಬದಲಿಗೆ ಇಟ್ಟಿದ್ದ ಹಳೆಯದನ್ನು ಹೊತ್ತಿಸಿದ್ದರು. ತಗಡುಗಳ ಜೋಡಣೆಯ ಒಳಗೆ ಕಣ್ಣಿಗೆ ಕಾಣದ ಬಿರುಕಿತ್ತು. ಆ ದುಃಖದಿಂದಲೇ ಆ ರಾಜ್ಯದಲ್ಲಿ ಬಿಗಿಯಾದ ಬಾಯ್ಲರ್ ನಿಯಮಗಳು ಹುಟ್ಟಿದವು. ನಾವೂ ಒಂದು ಸಾವಿನ ನಂತರವೇ ಎಚ್ಚರಗೊಳ್ಳಬೇಕೆಂದರೆ, ಭದ್ರಾವತಿಯಲ್ಲಿ ಆ ಸಾವು ಆಗಿಹೋಗಿದೆ. ಇನ್ನೊಂದಕ್ಕೆ ಕಾಯಬೇಕೇ?

ನಮ್ಮ ಸಂಸ್ಥೆಗಳಿಂದಲೇ ಆರಂಭಿಸೋಣ. ಹಾಸ್ಟೆಲಿನ ಅಡುಗೆ ಮನೆಯಲ್ಲಿ ಹಬೆಯಿಂದ ಅನ್ನ ಬೇಯಿಸುವ ಯಂತ್ರ ಇರಬಹುದು. ಆಸ್ಪತ್ರೆಯಲ್ಲಿ ಉಪಕರಣಗಳನ್ನು ಶುದ್ಧಗೊಳಿಸುವ ಆಟೋಕ್ಲೇವ್ ಇರಬಹುದು. ದಾನವಾಗಿ ಬಂದದ್ದು, ಅಗ್ಗಕ್ಕೆ ಸಿಕ್ಕಿತೆಂದು ಸೆಕೆಂಡ್ ಹ್ಯಾಂಡ್ ತಂದದ್ದು ಇರಬಹುದು. ಕಡಿಮೆ ಒತ್ತಡದ್ದೆಂದು ಕಾಯ್ದೆ ಬಿಟ್ಟುಬಿಟ್ಟರೂ, ಹಬೆ ಹೊರಹೋಗುವ ದಾರಿ ಕಟ್ಟಿಕೊಂಡರೆ ಅದೂ ಸಿಡಿಯುತ್ತದೆ. ಹೊಣೆ ಹೊತ್ತವರು ಈ ವಾರವೇ ಹೋಗಿ ನೋಡಲಿ. ನೇಮ್ ಪ್ಲೇಟ್ ಇದೆಯೇ? ಕೊನೆಯ ಸಲ ದಪ್ಪ ಅಳೆದದ್ದು ಯಾವಾಗ? ಸೇಫ್ಟಿ ವಾಲ್ವ್ ಕೆಲಸ ಮಾಡುತ್ತದೆಯೇ, ಅಥವಾ ಸೋರುತ್ತದೆಂದು ಯಾರಾದರೂ ತಂತಿ ಬಿಗಿದಿದ್ದಾರೆಯೇ? ಗೇಜಿನ ಮುಳ್ಳು ಯಂತ್ರ ನಿಂತಾಗ ಸೊನ್ನೆಗೆ ಬರುತ್ತದೆಯೇ? ಈ ನಾಲ್ಕು ಪ್ರಶ್ನೆ ಕೇಳಲು ಇಂಜಿನಿಯರ್ ಆಗಿರಬೇಕಾಗಿಲ್ಲ. ಉತ್ತರ ಸಿಗದಿದ್ದರೆ ಅದನ್ನು ನಿಲ್ಲಿಸಿ, ಬಲ್ಲವರನ್ನು ಕರೆಸಬೇಕು.

ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ. ಭದ್ರಾವತಿಯ ಕಾರ್ಖಾನೆಗಳಲ್ಲಿ ಜೀವಮಾನವಿಡೀ ಬಾಯ್ಲರಿನ ಪಕ್ಕ ನಿಂತ ಹಿರಿಯರು ಇಂದೂ ಇದ್ದಾರೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರದ ವಿಭಾಗವೇ ಇದೆ. ಚಿಕ್ಕ ಗಿರಣಿಗಳು ಒಟ್ಟಾಗಿ ಒಂದು ಅಳತೆಯ ಉಪಕರಣವನ್ನು, ಅದನ್ನು ಬಲ್ಲ ಒಬ್ಬರನ್ನು ಹಂಚಿಕೊಂಡರೆ ಖರ್ಚು ಯಾರಿಗೂ ಭಾರವಾಗದು. ಇಲಾಖೆ ಒಂದು ಹೆಜ್ಜೆ ಮುಂದಿಟ್ಟು, ದಾಖಲೆಯಿಲ್ಲದ ಪಾತ್ರೆ ಇದೆ ಎಂದು ತಾವಾಗಿ ಹೇಳಿಕೊಂಡು ಬರುವ ಮಾಲೀಕರಿಗೆ ಮೊದಲು ದಂಡದ ಭಯ ತೋರಿಸದೆ ಅಳತೆಯ ದಾರಿ ತೋರಿಸಲಿ. ಭಯವಿದ್ದಲ್ಲಿ ಜನ ಪಾತ್ರೆಯನ್ನು ಬಚ್ಚಿಡುತ್ತಾರೆ, ಬಚ್ಚಿಟ್ಟ ಪಾತ್ರೆಯನ್ನು ಯಾರೂ ಅಳೆಯುವುದಿಲ್ಲ.

ಮಾಲೀಕರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಹೊಸ ಬಾಯ್ಲರಿಗೆ ಲಕ್ಷಗಟ್ಟಲೆ ಬೇಕು, ಗಿರಣಿಯ ಲಾಭ ಅಷ್ಟಕ್ಕಷ್ಟೇ. ಆದರೆ ಅಳತೆಗೆ ಅಷ್ಟು ಹಣ ಬೇಡ. ಬಾಯ್ಲರ್ ಒಡೆದಾಗ ಹತ್ತಿರದಲ್ಲಿ ಇರುವುದು ಬೆಂಕಿಗೆ ಹೊಟ್ಟು ತಳ್ಳುವ ಕೂಲಿಯವರು, ಭತ್ತ ಒಣಗಿಸುವವರು. ಆ ಪಾತ್ರೆಯ ಬಗ್ಗೆ ಏನನ್ನೂ ಕೇಳುವ ಅಧಿಕಾರವಿಲ್ಲದವರು ಅವರು. ಅವರ ಪರವಾಗಿ ಕೇಳಬೇಕಾದವರು ನಾವು.

ಊಟಕ್ಕೆ ಕುಳಿತಾಗ ಬಟ್ಟಲಿನಿಂದ ಏಳುವ ಹಬೆಯನ್ನು ಒಮ್ಮೆ ನೋಡೋಣ. ಆ ಅನ್ನದ ಹಿಂದೆ ಎಲ್ಲೋ ಒಂದು ಬಾಯ್ಲರ್ ಇದೆ, ಅದರ ಬಳಿ ಒಬ್ಬರು ನಿಂತಿದ್ದಾರೆ. ಆ ಉಕ್ಕಿನ ದಪ್ಪ ಎಷ್ಟೆಂದು ಯಾರಾದರೂ ಅಳೆದಿದ್ದಾರೆಯೇ?